14416ಕ್ಕೆ ಕರೆ ಮಾಡುವ ಮುಂಚೆ ಏಳು ದಿನದ ಲೆಕ್ಕ: ದಾವಣಗೆರೆಯಿಂದ ಟೆಲಿ ಮಾನಸ್ ಸೇವೆಯ ವಿಮರ್ಶೆ

14416. ಈ ಐದು ಅಂಕಿ ಒತ್ತಿದರೆ ಹಗಲಾಗಲಿ ಇರುಳಾಗಲಿ, ಕನ್ನಡದಲ್ಲಿ, ಒಂದು ಪೈಸೆ ಖರ್ಚಿಲ್ಲದೆ ತರಬೇತಿ ಪಡೆದ ಆಪ್ತಸಮಾಲೋಚಕರ ಜೊತೆ ಮಾತಾಡಬಹುದು. ಇದು ಕೇಂದ್ರ ಆರೋಗ್ಯ ಇಲಾಖೆಯ ಟೆಲಿ ಮಾನಸ್ ಸೇವೆ. ಐದಂಕಿಯ ಸಂಖ್ಯೆ ಹತ್ತದಿದ್ದರೆ 1800 891 4416 ಅಂತ ಇನ್ನೊಂದಿದೆ, ಅದೂ ಉಚಿತವೇ. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ: ದಾವಣಗೆರೆ, ಚಿತ್ರದುರ್ಗದ ಕಡೆ ಇರುವವರಿಗೆ ಮನಸ್ಸಿನ ಆರೋಗ್ಯಕ್ಕೆ ಇಷ್ಟು ಹತ್ತಿರದ ಮೊದಲ ಬಾಗಿಲು ಇನ್ನೊಂದಿಲ್ಲ. ಆದರೆ ಸುಮ್ಮನೆ ಕರೆ ಮಾಡಿ "ಯಾಕೋ ಬ್ಯಾಸರ ಆಗೈತ್ರಿ" ಅಂದರೆ ಸಿಗುವ ಸಹಾಯವೇ ಬೇರೆ, ಒಂದು ವಾರದ ಲೆಕ್ಕ ಕೈಯಲ್ಲಿ ಹಿಡಿದು ಕರೆ ಮಾಡಿದರೆ ಸಿಗುವ ಸಹಾಯವೇ ಬೇರೆ. ಈ ಬರಹದ ಬಹುಪಾಲು ಆ ಲೆಕ್ಕದ ಬಗ್ಗೆ, ಅದರಿಂದ ಹುಟ್ಟುವ ದಿನದ ಅಭ್ಯಾಸಗಳ ಬಗ್ಗೆ.

ಜೀವಕ್ಕೇ ಅಪಾಯ ಅನ್ನಿಸುತ್ತಿದ್ದರೆ ಮಾತ್ರ ಈ ಲೆಕ್ಕ ಗಿಕ್ಕ ಯಾವುದೂ ಬೇಡ. ಓದುವುದನ್ನು ಇಲ್ಲಿಗೇ ಬಿಟ್ಟು ಈಗಲೇ ಕರೆ ಮಾಡಿ.

ಸೇವೆ ಶುರುವಾದದ್ದು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ತಾಂತ್ರಿಕ ಕೆಲಸ ನೋಡಿಕೊಂಡದ್ದು ಬೆಂಗಳೂರಿನದ್ದೇ ಆದ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ. ನಮ್ಮ ಸೀಮೆಯವರು ಹೆಮ್ಮೆಪಡಬಹುದಾದ ಇನ್ನೊಂದು ಸಂಗತಿ ಇದೆ. ಮನೋವೈದ್ಯಕೀಯವನ್ನು ದೊಡ್ಡಾಸ್ಪತ್ರೆಯಿಂದ ಹೊರತಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೈಗೆ, ದಾದಿಯರ ಕೈಗೆ ಕೊಡಬಹುದೇ ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಪರೀಕ್ಷೆ ಮಾಡಿ ನೋಡಿದ ಜಿಲ್ಲೆ ಪಕ್ಕದ ಬಳ್ಳಾರಿ. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಮರುವರ್ಷ, 1997ರಲ್ಲಿ, ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾಯಿತು. ಫೋನಿನಲ್ಲಿ ಮಾತಾಡಿದ ಮೇಲೆ ನಿಮ್ಮನ್ನು ಕಳಿಸುವ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗ, ಜಿಲ್ಲಾ ತಂಡ ಎಲ್ಲವೂ ಆ ಹಳೆಯ ಬೇರಿನಿಂದ ಬಂದದ್ದು.

ಕರೆ ನಡೆಯುವ ಬಗೆ ಹೀಗೆ. ಮೊದಲು ಧ್ವನಿಮುದ್ರಿತ ಸ್ವಾಗತ, ಅದರಲ್ಲೇ ಭಾಷೆಯ ಆಯ್ಕೆ. ಕನ್ನಡಕ್ಕೆ ಯಾವ ಅಂಕಿ ಎಂದು ಹೇಳುವವರೆಗೆ ಕಾಯಬೇಕು. ಅವಸರದಲ್ಲಿ ಏನೋ ಒಂದು ಒತ್ತಿದರೆ ಬೇರೆ ಭಾಷೆಯವರಿಗೆ ಹೋಗಿ ಬೀಳುತ್ತೀರಿ. ಆಗ ಇಟ್ಟು ಮತ್ತೆ ಮಾಡಿ, ಅಷ್ಟೇ. ಆಮೇಲೆ ಸಿಗುವವರು ಆಪ್ತಸಮಾಲೋಚಕರು. ಬಹಳಷ್ಟು ಕರೆಗಳು ಅವರ ಹಂತದಲ್ಲೇ ಮುಗಿಯುವಂಥವು: ನಿದ್ದೆ, ಪರೀಕ್ಷೆಯ ಭಯ, ಮನೆಯ ಜಗಳ, ಸಾಲದ ಚಿಂತೆ, ಬಾಣಂತಿಯ ಅಳು. ಅದಕ್ಕೂ ಮೀರಿದ್ದಾದರೆ ಮನೋವೈದ್ಯರಿಗೆ ಒಪ್ಪಿಸುತ್ತಾರೆ, ಇಲ್ಲವೇ ಜಿಲ್ಲಾ ಮಟ್ಟದ ಆಸ್ಪತ್ರೆಗೆ ದಾರಿ ತೋರಿಸುತ್ತಾರೆ. ಮೊಬೈಲ್ ಆ್ಯಪ್ 2024ರ ಅಕ್ಟೋಬರ್‌ನಲ್ಲಿ ಬಂತು. ಅದೇ ಹೊತ್ತಿಗೆ ಮುಖ ನೋಡಿ ಮಾತಾಡುವ ವಿಡಿಯೋ ಸೌಲಭ್ಯವನ್ನು ಮೊದಲು ಶುರು ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೂ ನಮ್ಮ ಸಲಹೆ ಮೊದಲ ಸಲ ಮಾಮೂಲಿ ಕರೆಯನ್ನೇ ಮಾಡಿ ಅಂತ. ಕೀಪ್ಯಾಡ್ ಫೋನ್ ಸಾಕು, ಇಂಟರ್ನೆಟ್ ಬೇಡ, ಮುಖ ತೋರಿಸುವ ಸಂಕೋಚವೂ ಇಲ್ಲ.

ಕರೆ ಕೆಡುವುದು ಸಾಮಾನ್ಯವಾಗಿ ನಮ್ಮ ಕಡೆಯಿಂದಲೇ. ಎರಡು ಕೋಣೆಯ ಮನೆಯಲ್ಲಿ ಟಿವಿ ಮುಂದೆ ಕೂತು ಇಂಥ ಮಾತು ಆಗುವುದಿಲ್ಲ. ಪಕ್ಕದಲ್ಲಿ ಅತ್ತೆಯೋ ಅಣ್ಣನೋ ಇದ್ದರೆ ನಾಲಿಗೆ ತಾನಾಗಿ "ಹಾಂ, ಹೂಂ, ಪರವಾಗಿಲ್ರಿ" ಅನ್ನಲು ಶುರು ಮಾಡುತ್ತದೆ, ಅತ್ತ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಮಾಳಿಗೆ ಮೇಲೆ, ಮಧ್ಯಾಹ್ನ ಹೊಲದ ಬದುವಿನಲ್ಲಿ, ಸಂಜೆ ಜನ ಕಮ್ಮಿ ಇರುವ ಪಾರ್ಕಿನ ಕಲ್ಲುಬೆಂಚಿನ ಮೇಲೆ, ಹೀಗೆ ಅರ್ಧ ಗಂಟೆ ಯಾರೂ ಕರೆಯದ ಜಾಗ ನೋಡಿಕೊಳ್ಳಿ. ಫೋನ್ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರಲಿ. ಹೆಸರು ಹೇಳಲು ಮನಸ್ಸಿಲ್ಲದಿದ್ದರೆ ಅದನ್ನೇ ಮೊದಲು ಹೇಳಿ.

ಇನ್ನೊಂದು ತೊಡಕು ನಮ್ಮ ಮಾತಿನದ್ದೇ. ಈ ಭಾಗದಲ್ಲಿ ಮನಸ್ಸಿನ ನೋವು ಮೈಯ ಹೆಸರಿನಲ್ಲಿ ಹೊರಬರುತ್ತದೆ: ಗ್ಯಾಸ್ಟ್ರಿಕ್, ತಲೆಭಾರ, ಎದೆ ಡವಡವ, ಕೈಕಾಲು ಜೋಮು, ಸುಸ್ತು. ಅದು ಸುಳ್ಳಲ್ಲ, ಆತಂಕದಲ್ಲಿ ಎದೆ ನಿಜವಾಗಿಯೂ ಹೊಡೆದುಕೊಳ್ಳುತ್ತದೆ, ಹೊಟ್ಟೆ ನಿಜವಾಗಿಯೂ ಉರಿಯುತ್ತದೆ. ಆದರೆ ಹದಿನೈದು ನಿಮಿಷ ಗ್ಯಾಸ್ಟ್ರಿಕ್ ಬಗ್ಗೆಯೇ ಮಾತಾಡಿದರೆ ಒಳಗಿನ ವಿಷಯಕ್ಕೆ ಸಮಯ ಉಳಿಯುವುದಿಲ್ಲ. ಅದಕ್ಕೇ ಮೊದಲ ವಾಕ್ಯವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮೂರು ಸಂಗತಿ ಇದ್ದರೆ ಸಾಕು: ಎಷ್ಟು ದಿನದಿಂದ, ಏನು ಬದಲಾಗಿದೆ, ಯಾವ ಕೆಲಸ ನಿಂತುಹೋಗಿದೆ. "ಒಂದೂವರೆ ತಿಂಗಳಾತ್ರಿ, ರಾತ್ರಿ ಮೂರಕ್ಕೆ ಎಚ್ಚರ ಆಗತೈತಿ, ಆಮೇಲೆ ನಿದ್ದೆ ಇಲ್ಲ. ಊಟ ಅರ್ಧ ಆಗೈತಿ. ಈ ವಾರ ಎರಡು ದಿನ ಅಂಗಡಿ ಬಾಗಿಲೇ ತೆಗೀಲಿಲ್ಲ." ಇಷ್ಟು ಹೇಳಿದರೆ ಅತ್ತ ಕಡೆಯವರು ನೇರವಾಗಿ ಸರಿಯಾದ ಪ್ರಶ್ನೆಗೆ ಬರುತ್ತಾರೆ.

ಈಗ ಲೆಕ್ಕದ ಪುಸ್ತಕ. ಮಕ್ಕಳ ಇನ್ನೂರು ಪುಟದ ನೋಟ್ ಬೇಡ. ಅಂಗಿ ಜೇಬಿನಲ್ಲೋ ಪರ್ಸಿನಲ್ಲೋ ಹಿಡಿಯುವ ಸಣ್ಣ ಪುಸ್ತಕ, ಒಂದು ಪೆನ್ನು. ದಿನಕ್ಕೆ ಒಂದು ಪುಟ, ಬೆಳಿಗ್ಗೆ ಎದ್ದ ಮೇಲೆ ಎರಡು ನಿಮಿಷ, ರಾತ್ರಿ ಎರಡು ನಿಮಿಷ. ಒಂದು ಪುಟ ಹೀಗಿರುತ್ತದೆ:

"ಸೋಮವಾರ. ಹಾಸಿಗೆಗೆ 9:30. ನಿದ್ದೆ ಹತ್ತಿದ್ದು 11:30ರ ಸುಮಾರು. ಎಚ್ಚರ 3:00. ಮತ್ತೆ ನಿದ್ದೆ 4:30. ಎದ್ದದ್ದು 6:30. ಟೀ 5, ಕೊನೆಯದು ಸಂಜೆ 7. ಊಟವಾದ ಮೇಲೆ ನಿದ್ದೆ 1 ಗಂಟೆ. ಹೊರಗೆ ನಡೆದದ್ದು ಇಲ್ಲ. ಮಾತಾಡಿಸಿದ್ದು ತಂಗಿಯನ್ನು, ಫೋನಿನಲ್ಲಿ. ಮನಸ್ಸು 3."

ಕೊನೆಯ ಅಂಕಿ ಹತ್ತಕ್ಕೆ ಎಷ್ಟು ಎಂದು. ಸೊನ್ನೆ ಅಂದರೆ ತೀರಾ ಕೆಟ್ಟದ್ದು, ಹತ್ತು ಅಂದರೆ ಹಗುರ. ಯೋಚನೆ ಮಾಡುತ್ತ ಕೂರಬೇಡಿ, ಹೊಳೆದದ್ದನ್ನು ಬರೆಯಿರಿ. ರಾತ್ರಿ ಗಡಿಯಾರ ನೋಡನೋಡುತ್ತ ಬರೆಯಬಾರದು, ಅದೇ ನಿದ್ದೆ ಕೆಡಿಸುತ್ತದೆ. ಬೆಳಿಗ್ಗೆ ಅಂದಾಜಿನಲ್ಲಿ ಬರೆದರೆ ಸಾಕು. ಜನ ಸಾಮಾನ್ಯವಾಗಿ ಮೂರನೇ ದಿನ ಬಿಟ್ಟುಬಿಡುತ್ತಾರೆ, ಕಾರಣ ಭಾವನೆಗಳನ್ನೆಲ್ಲ ಉದ್ದಕ್ಕೆ ಬರೆಯಲು ಹೋಗುತ್ತಾರೆ. ಒಳಗೆ ಕುದಿಯುತ್ತಿರುವಾಗ ಎರಡು ಪುಟ ಬರೆದರೆ ಕೆಲವರಿಗೆ ಹಗುರವಾಗುತ್ತದೆ, ಇನ್ನು ಕೆಲವರು ಅದೇ ಗಾಣದಲ್ಲಿ ಸುತ್ತುತ್ತಾರೆ. ಇಲ್ಲಿ ನಮಗೆ ಬೇಕಾದ್ದು ಅಂಕಿಗಳು.

ಆ ಸೋಮವಾರದ ಪುಟವನ್ನೇ ನೋಡಿ. ಹಾಸಿಗೆಯಲ್ಲಿ ಕಳೆದದ್ದು ಒಂಬತ್ತು ಗಂಟೆ. ನಿಜವಾಗಿ ನಿದ್ದೆ ಮಾಡಿದ್ದು ಮೂರೂವರೆ ಕೂಡಿಸು ಎರಡು, ಐದೂವರೆ ಗಂಟೆ. ಅಂದರೆ ಹಾಸಿಗೆಯ ಸಮಯದಲ್ಲಿ ನೂರಕ್ಕೆ 61 ಭಾಗ ಮಾತ್ರ ನಿದ್ದೆ. ಚೆನ್ನಾಗಿ ನಿದ್ದೆ ಮಾಡುವವರಲ್ಲಿ ಇದು 85ರ ಮೇಲಿರುತ್ತದೆ. ಉಳಿದ ಮೂರೂವರೆ ಗಂಟೆ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಚಿಂತೆ. ದಿನವೂ ಹೀಗಾದರೆ ಹಾಸಿಗೆ ಅಂದರೆ ಚಿಂತೆಯ ಜಾಗ ಎಂದು ಮೈ ಕಲಿತುಬಿಡುತ್ತದೆ. ನಿದ್ದೆ ಬಾರದವರು ಬೇಗ ಮಲಗಿ ತಡವಾಗಿ ಎದ್ದು ಸರಿದೂಗಿಸಲು ನೋಡುತ್ತಾರೆ. ಕೆಡುವುದು ಅಲ್ಲೇ.

ಇದಕ್ಕೆ ಕ್ರಮ ಹೀಗಿದೆ. ಮೊದಲು ಏಳುವ ಸಮಯವನ್ನು ಗೂಟ ಹೊಡೆದಂತೆ ನಿಲ್ಲಿಸಿ, ಬೆಳಿಗ್ಗೆ 6 ಅಂದರೆ ಭಾನುವಾರವೂ 6, ರಾತ್ರಿ ನಿದ್ದೆ ಬಂದಿರಲಿ ಬಿಡಲಿ. ಎದ್ದ ಒಂದು ಗಂಟೆಯೊಳಗೆ ಇಪ್ಪತ್ತು ಮೂವತ್ತು ನಿಮಿಷ ಹೊರಗಿನ ಬೆಳಕು ಕಣ್ಣಿಗೆ ಬೀಳಲಿ. ಒಳಮನೆಯ ಟ್ಯೂಬ್‌ಲೈಟ್ ಅದಕ್ಕೆ ಸಮವಲ್ಲ, ಮೋಡದ ದಿನದ ಆಕಾಶವೂ ಅದಕ್ಕಿಂತ ಎಷ್ಟೋ ಪಟ್ಟು ಪ್ರಖರ. ರಾತ್ರಿ ಕಣ್ಣು ಎಳೆಯುವವರೆಗೆ ಹಾಸಿಗೆಗೆ ಹೋಗಬೇಡಿ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತಲಿಲ್ಲ ಅನ್ನಿಸಿದರೆ ಎದ್ದು ಬಂದು ಮಂದ ಬೆಳಕಿನಲ್ಲಿ ಕೂತು ಬಟ್ಟೆ ಮಡಚಿ, ಹಳೇ ವಾರಪತ್ರಿಕೆ ತಿರುವಿ, ಮತ್ತೆ ಜೋಂಪು ಬಂದಾಗ ಹೋಗಿ. ಮೊಬೈಲ್ ಈ ಹೊತ್ತಿನಲ್ಲಿ ಬೇಡವೇ ಬೇಡ. ಅದರ ಬೆಳಕಿಗಿಂತ ಹೆಚ್ಚಾಗಿ ಅದರಲ್ಲಿ ಒಂದರ ಹಿಂದೊಂದು ಬರುವ ವಿಡಿಯೋಗಳೇ ಎಚ್ಚರ ಇಡುತ್ತವೆ. ಅಲಾರಂ ಬೇಕಲ್ಲ ಎಂದು ತಲೆದಿಂಬಿನ ಪಕ್ಕ ಫೋನ್ ಇಟ್ಟುಕೊಳ್ಳುವವರು ಒಂದು ಸಾದಾ ಅಲಾರಂ ಗಡಿಯಾರ ತಂದುಬಿಡಿ, ಈ ಇಡೀ ಕ್ರಮದಲ್ಲಿ ದುಡ್ಡು ಹಾಕಬೇಕಾದ ವಸ್ತು ಅದೊಂದೇ.

ಎರಡು ವಾರ ಇಷ್ಟು ಮಾಡಿದರೂ ಲೆಕ್ಕ 85ಕ್ಕೆ ಹತ್ತಿರ ಬರದಿದ್ದರೆ ಮುಂದಿನ ಹೆಜ್ಜೆ ಹಾಸಿಗೆಯ ಸಮಯವನ್ನೇ ಕತ್ತರಿಸುವುದು. ವಾರದ ಸರಾಸರಿ ನಿದ್ದೆ ಐದೂವರೆ ಗಂಟೆ ಇದ್ದರೆ ಹಾಸಿಗೆಯಲ್ಲೂ ಐದೂವರೆ ಗಂಟೆ ಮಾತ್ರ, ಅಂದರೆ 12:30ಕ್ಕೆ ಮಲಗಿ 6ಕ್ಕೆ ಏಳುವುದು. ಒಂದು ವಾರ 85 ದಾಟಿದರೆ ಹದಿನೈದು ನಿಮಿಷ ಮೊದಲು ಮಲಗಿ, ಮುಂದಿನ ವಾರ ಇನ್ನು ಹದಿನೈದು. ಐದು ಗಂಟೆಗಿಂತ ಕಮ್ಮಿ ಮಾತ್ರ ಎಂದೂ ಮಾಡಬಾರದು. ಮೊದಲ ವಾರ ಹಗಲು ತೂಕಡಿಕೆ ಬಂದೇ ಬರುತ್ತದೆ. ಆದ್ದರಿಂದ ಹೆದ್ದಾರಿ 48ರಲ್ಲಿ ಲಾರಿ ಓಡಿಸುವವರು, ಮಿಷನ್ ಮುಂದೆ ನಿಲ್ಲುವವರು ಇದನ್ನು ಸ್ವಂತಕ್ಕೆ ಮಾಡಕೂಡದು. ಫಿಟ್ಸ್ ಇರುವವರು, ಹಿಂದೆ ಯಾವಾಗಲಾದರೂ ಉನ್ಮಾದ ಬಂದವರು, ಅಂದರೆ ದಿನಗಟ್ಟಲೆ ನಿದ್ದೆಯಿಲ್ಲದೆಯೂ ವಿಪರೀತ ಹುರುಪು, ಮಾತು, ಖರ್ಚು ಇದ್ದವರು, ಕೈಯನ್ನೇ ಹಾಕಬಾರದು. ನಿದ್ದೆ ಕಡಿಮೆಯಾದರೆ ಅವರಿಗೆ ಕಾಯಿಲೆ ಮರುಕಳಿಸಬಹುದು. ಈ ಹೆಜ್ಜೆಗೆ ಬರುವ ಮುಂಚೆ 14416ಕ್ಕೆ ಕರೆ ಮಾಡಿ ಪುಸ್ತಕದ ಅಂಕಿ ಓದಿ ಹೇಳಿ, ನಿಮಗೆ ಇದು ಸರಿಹೋಗುತ್ತದೆಯೇ ಎಂದು ಕೇಳಿ. ಫೋನ್ ಸೇವೆ ತನ್ನ ಬೆಲೆ ತೋರಿಸುವುದು ಇಂಥ ಕಡೆ.

ಮಂಡಕ್ಕಿ ಭಟ್ಟಿಯಲ್ಲಿ ನಸುಕಿಗೆ ಮುಂಚೆ ಕೆಲಸಕ್ಕೆ ಇಳಿಯುವವರಿಗೆ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಸಿಸ್ಟರ್‌ಗಳಿಗೆ ಆರು ಗಂಟೆಯ ನಿಯಮ ಹೇಳಿ ಪ್ರಯೋಜನವಿಲ್ಲ. ಅವರು ಕಾಪಾಡಿಕೊಳ್ಳಬೇಕಾದ್ದು ಒಂದು ಗಟ್ಟಿ ತುಂಡು: ಕೆಲಸದ ದಿನವಿರಲಿ ರಜೆಯಿರಲಿ, ಅದೇ ಹೊತ್ತಿನಲ್ಲಿ ನಿದ್ದೆಯಲ್ಲೇ ಇರುವಂಥ ಮೂರು ನಾಲ್ಕು ಗಂಟೆ. ಕಿಟಕಿಗೆ ದಪ್ಪ ಪರದೆ, ಮನೆಯವರಿಗೆ ಮೊದಲೇ ಹೇಳಿಟ್ಟ ಸಮಯ.

ಟೀ ವಿಷಯಕ್ಕೆ ಬರೋಣ. ಈ ಊರಲ್ಲಿ ಬೈಟು ಟೀ ಅಂದರೆ ಸ್ನೇಹ, ವ್ಯಾಪಾರ, ಬಿಡುವು ಎಲ್ಲವೂ. ಬಿಟ್ಟುಬಿಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಟೀ ಕಾಫಿಯಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಏಳರ ಟೀಯ ಅರ್ಧ ನಡುರಾತ್ರಿ ಹನ್ನೆರಡಕ್ಕೂ ಮೈಯಲ್ಲಿರುತ್ತದೆ. ಕೊನೆಯ ಟೀ ಮಧ್ಯಾಹ್ನ ಎರಡಕ್ಕೆ ಮುಗಿಸಿ ಎರಡು ವಾರ ನೋಡಿ. ದಿನಕ್ಕೆ ಆರು ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ ಮರುದಿನ ತಲೆನೋವು, ಸಿಡಿಮಿಡಿ ಬಂದು ಮೂರನೇ ದಿನ ಪೂರ್ತಿ ಹಳೆ ಲೆಕ್ಕಕ್ಕೆ ಮರಳುತ್ತಾರೆ. ಎರಡು ಮೂರು ದಿನಕ್ಕೆ ಒಂದು ಲೋಟದಂತೆ ಇಳಿಸಿ. ಎದೆ ಡವಡವ ಇರುವವರಿಗೆ ಇದರಿಂದ ಆಗುವ ಬದಲಾವಣೆ ಪುಸ್ತಕದಲ್ಲೇ ಕಾಣಬಹುದು.

ನಿದ್ದೆಗೆಂದು ಕುಡಿಯುವ ಎಣ್ಣೆಯ ಲೆಕ್ಕ ಬೇರೆ. ಅದು ಬೇಗ ನಿದ್ದೆ ಹತ್ತಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧವನ್ನು ಚೂರುಚೂರು ಮಾಡುತ್ತದೆ. ಮೂರು ಗಂಟೆಯ ಎಚ್ಚರಕ್ಕೆ ಅದೇ ಕಾರಣ ಇರಬಹುದು. ದಿನವೂ ಹೆಚ್ಚು ಕುಡಿಯುವವರನ್ನು ಮನೆಯವರು ಆಣೆ ಮಾಡಿಸಿ ಒಂದೇ ದಿನಕ್ಕೆ ಬಿಡಿಸಬಾರದು. ಕೈ ನಡುಕ, ಬೆವರು, ಫಿಟ್ಸ್, ಎರಡು ಮೂರು ದಿನದಲ್ಲಿ ಬಾಯಿಗೆ ಬಂದಂತೆ ಮಾತು, ಇಲ್ಲದ್ದು ಕಾಣುವುದು, ಇವೆಲ್ಲ ಜೀವಕ್ಕೆ ಅಪಾಯ. ಬಿಡಿಸುವುದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣಳತೆಯಲ್ಲಿ ಆಗಬೇಕು. ಪೂಜೆ, ಆಣೆ ಆಮೇಲೆ ಮಾಡಿಸಿದರಾಯಿತು.

ನಡಿಗೆಗೆ ವಾರಕ್ಕೆ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಲೆಕ್ಕ, ಐದು ದಿನ ಅರ್ಧ ಗಂಟೆ. ಮಾತಾಡಬಹುದು, ಹಾಡಲಾಗದು, ಅಷ್ಟು ವೇಗ. ದಾವಣಗೆರೆಯವರಿಗೆ ಕುಂದುವಾಡ ಕೆರೆ ಏರಿ, ಗಾಜಿನ ಮನೆಯ ಸುತ್ತಮುತ್ತ, ದುರ್ಗದವರಿಗೆ ಚಂದ್ರವಳ್ಳಿ ಕಡೆಯ ದಾರಿ ಇದ್ದೇ ಇದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಎಂಟರೊಳಗೆ ಮುಗಿಸಬೇಕು. ಆದರೆ ಮನಸ್ಸು ಕುಸಿದವರಿಗೆ ಅರ್ಧ ಗಂಟೆ ನಡೆಯಿರಿ ಅನ್ನುವುದು ಗುಡ್ಡ ಹೊರು ಅಂದಂತೆ. ಖಿನ್ನತೆಯಲ್ಲಿ ಉತ್ಸಾಹ ಬರಲಿ, ಆಮೇಲೆ ಮಾಡುತ್ತೇನೆ ಎಂದು ಕಾದರೆ ಉತ್ಸಾಹ ಬರುವುದೇ ಇಲ್ಲ. ಮೊದಲು ಕೈಕಾಲು ಆಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಹಾಗಾಗಿ ಮೊದಲ ದಿನದ ಗುರಿ ಚಪ್ಪಲಿ ಮೆಟ್ಟಿ ಗೇಟಿನವರೆಗೆ. ಎರಡನೇ ದಿನ ಬೀದಿ ತುದಿಯ ಅಂಗಡಿವರೆಗೆ. ವಾರದ ಕೊನೆಗೆ ಹತ್ತು ನಿಮಿಷ. ಹೋಗುವ ಮುಂಚೆ ಮನಸ್ಸಿಗೊಂದು ಅಂಕಿ, ಬಂದ ಮೇಲೆ ಒಂದು ಅಂಕಿ ಬರೆಯಿರಿ. 3 ಇದ್ದದ್ದು 4 ಆದರೂ ಅದು ನಿಮ್ಮ ಕೈಬರಹದ ಸಾಕ್ಷಿ. ಮರುದಿನ ಬೆಳಿಗ್ಗೆ "ಹೋಗಿ ಏನು ಮಾಡೋದೈತಿ" ಅನ್ನಿಸಿದಾಗ ಆ ಪುಟ ತೆಗೆದು ನೋಡಬಹುದು. ಪೂರ್ತಿ ವಾರ ಅಂಕಿ ಕದಲದಿದ್ದರೂ ಬೇಸರಿಸಬೇಡಿ, ಅದನ್ನೇ ಫೋನಿನಲ್ಲಿ ಹೇಳಿ. ಕದಲದ ಅಂಕಿಯೂ ಅವರಿಗೆ ಬೇಕಾದ ಮಾಹಿತಿಯೇ.

ಚಿಂತೆಗೆ ಒಂದು ಹೊತ್ತು ಗೊತ್ತು ಮಾಡುವುದು ಇನ್ನೊಂದು ಉಪಾಯ. ಸಂಜೆ 5:30ರಿಂದ ಇಪ್ಪತ್ತು ನಿಮಿಷ, ಒಂದೇ ಜಾಗ, ಕೈಯಲ್ಲಿ ಪುಸ್ತಕ. ಹಗಲಲ್ಲಿ ಚಿಂತೆ ಬಂದಾಗ ಒಂದು ಪದ ಬರೆದು "ಸಂಜೆ ನೋಡೋಣ" ಎಂದು ಮುಂದೂಡಿ. ಸಂಜೆ ಆ ಪದಗಳನ್ನು ನೋಡಿ ನಾಳೆ ಏನಾದರೂ ಮಾಡಬಹುದಾದದ್ದು ಯಾವುದು, ನಮ್ಮ ಕೈಯಲ್ಲಿಲ್ಲದ್ದು ಯಾವುದು ಎಂದು ಬೇರೆ ಮಾಡಿ. ಸೊಸೈಟಿ ಸಾಲದ ಕಂತು ಮೊದಲನೆಯದು, ಮಳೆ ಎರಡನೆಯದು. ಮಲಗುವ ಹೊತ್ತಿಗೆ ಹತ್ತಿರ ಇದನ್ನು ಇಟ್ಟುಕೊಳ್ಳಬೇಡಿ. ಉಸಿರಿನ ಅಭ್ಯಾಸ ಇನ್ನೂ ಸರಳ: ಮೂಗಿನಿಂದ ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ನಿಮಿಷಕ್ಕೆ ಆರು ಉಸಿರು, ಐದು ನಿಮಿಷ. ಜೋರಾಗಿ ಆಳವಾಗಿ ಎಳೆದರೆ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ಹೊರಬಿಡುವುದು ಉದ್ದವಾಗಲಿ, ಎಳೆಯುವುದು ಮೆಲ್ಲಗಿರಲಿ. ಗಾಬರಿ ಹತ್ತಿದಾಗ ಮಾತ್ರ ಮಾಡಲು ಹೋದರೆ ಕೈಗೂಡುವುದಿಲ್ಲ, ಆರಾಮಾಗಿರುವಾಗ ದಿನವೂ ಮಾಡಿ ರೂಢಿ ಇರಬೇಕು.

ಇನ್ನು ಸೇವೆಯ ಮಿತಿ. ಫೋನಿನಲ್ಲಿ ಕೂತವರು ನಾಡಿ ಹಿಡಿಯಲಾರರು, ರಕ್ತ ತೆಗೆಯಲಾರರು. ಥೈರಾಯ್ಡ್ ಕಮ್ಮಿಯಾದರೆ, ರಕ್ತಹೀನತೆ ಇದ್ದರೆ, ಬಿ12 ಕೊರತೆಯಾದರೆ ಸುಸ್ತು, ಮಂಕು ಎಲ್ಲವೂ ಖಿನ್ನತೆಯ ಹಾಗೇ ಕಾಣುತ್ತವೆ. ಆದ್ದರಿಂದ ಎರಡು ವಾರ ಮೀರಿದ ಕುಗ್ಗುವಿಕೆಗೆ ಒಮ್ಮೆ ವೈದ್ಯರಿಗೆ ಮೈಯನ್ನೂ ತೋರಿಸಬೇಕು. ಪ್ರತಿ ಸಲ ಅದೇ ಸಮಾಲೋಚಕರು ಸಿಗುತ್ತಾರೆಂಬ ಭರವಸೆಯೂ ಇಟ್ಟುಕೊಳ್ಳಬೇಡಿ. ಪುಸ್ತಕ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ, ಹೊಸಬರಿಗೆ ಕಥೆಯನ್ನು ಮೊದಲಿಂದ ಹೇಳುವ ಬದಲು ಅಂಕಿ ಓದಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ವಾರವಾರ ಒಬ್ಬರೇ ಚಿಕಿತ್ಸಕರ ಜೊತೆ ಕೂತು ಆಳವಾಗಿ ನಡೆಸುವ ಮನೋಚಿಕಿತ್ಸೆಗೆ ಇದು ಬದಲಿಯಲ್ಲ.

ಯಾವಾಗ ಆಸ್ಪತ್ರೆ ಎಂದು ತಿಳಿಯಲು ಖಿನ್ನತೆ ಅಳೆಯುವ ಪಿಎಚ್‌ಕ್ಯೂ 9 ಎಂಬ ಪ್ರಶ್ನಾವಳಿ ಇದೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರನ್ನು ಕಾಣಬೇಕು, ಇಪ್ಪತ್ತು ಮುಟ್ಟಿದರೆ ತಡ ಮಾಡಲೇಬಾರದು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆಯಲ್ಲದೆ ಬೇರೆ ಏನೇ ಬಂದರೂ ಒಟ್ಟು ಅಂಕ ಎಷ್ಟಾದರೂ ಆಗಲಿ, ಅಂದೇ ಯಾರ ಜೊತೆಗಾದರೂ ಮಾತಾಡಬೇಕು. ಇದು ರೋಗ ನಿರ್ಣಯವಲ್ಲ, ಜ್ವರಕ್ಕೆ ಥರ್ಮಾಮೀಟರ್ ಇದ್ದ ಹಾಗೆ.

ದಾವಣಗೆರೆಯಲ್ಲಿ ಸರ್ಕಾರಿ ದಾರಿ ಚಿಗಟೇರಿ ಜಿಲ್ಲಾಸ್ಪತ್ರೆ. ಹೊನ್ನಾಳಿ, ಚನ್ನಗಿರಿ, ಜಗಳೂರು, ಆ ಕಡೆ ಚಳ್ಳಕೆರೆ, ಹೊಸದುರ್ಗದಂಥ ತಾಲ್ಲೂಕಿನವರು ಮನೋಚೈತನ್ಯ ಕಾರ್ಯಕ್ರಮದ ಬಗ್ಗೆ ವಿಚಾರಿಸಿ. ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವ ರಾಜ್ಯ ಸರ್ಕಾರದ ವ್ಯವಸ್ಥೆ ಅದು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿಕೊಂಡೇ ಬಸ್ ಹತ್ತಿ.

ಮಾತ್ರೆ ಕೊಟ್ಟರೆ ಹೆದರಬೇಡಿ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಆದರೆ ವಾಕರಿಕೆ, ತಲೆನೋವು ಮೊದಲ ವಾರವೇ ಬರಬಹುದು. "ಗುಣ ಇಲ್ಲ, ತ್ರಾಸು ಜಾಸ್ತಿ" ಎಂದು ಎಂಟನೇ ದಿನ ಬಿಟ್ಟುಬಿಡುವುದು ಇದೇ ಕಾರಣಕ್ಕೆ. ಆರಾಮಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ವೈದ್ಯರು ಹೇಳುತ್ತಾರೆ, ನಿಲ್ಲಿಸುವಾಗ ನಿಧಾನವಾಗಿ ಇಳಿಸುತ್ತಾರೆ. ಚಟವಾಗುವ ಭಯ ಇರಬೇಕಾದ್ದು ಕೆಲವು ಬಗೆಯ ನಿದ್ದೆ ಮಾತ್ರೆಗಳ ಬಗ್ಗೆ. ಪಕ್ಕದ ಮನೆಯವರ ಹಳೇ ಚೀಟಿ ತೋರಿಸಿ ಅವನ್ನು ತಂದುಕೊಳ್ಳಬೇಡಿ.

ಭತ್ತ, ಮೆಕ್ಕೆಜೋಳ, ಅಡಿಕೆ ಬೆಳೆಯುವ ಮನೆಗಳಿಗೆ ಒಂದು ಮಾತು. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯೊಳಗೆ ಇಡಬೇಡಿ. ಹೊರಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಮನಸ್ಸು ಕೆಟ್ಟವರಿಗೆ ಗೊತ್ತಿಲ್ಲದ ಕಡೆ ಕೀಲಿ ಇರಲಿ. ಸಾಯುವ ಯೋಚನೆಯ ಅಲೆ ಬಹಳ ಸಲ ಕೆಲವೇ ನಿಮಿಷ, ಕೆಲವೇ ಗಂಟೆಯದ್ದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. "ಸಾಯ್ಬೇಕು ಅಂತ ಅನಿಸ್ತೈತೇನು?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡದೆ 14416ಕ್ಕೆ ಮಾಡಿ, ಏನಾದರೂ ಮಾಡಿಕೊಂಡಿದ್ದರೆ 108 ಇಲ್ಲವೇ 112. ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆ ತಪ್ಪಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ.

ಮನೆಯವರೂ ಈ ಸಂಖ್ಯೆಗೆ ಕರೆ ಮಾಡಬಹುದು, ತಾವೇ ಬಳಲಿದ್ದರೂ ಸರಿ, ಮಾತಾಡಲು ಒಪ್ಪದ ಅಪ್ಪನ ಬಗ್ಗೆ ಕೇಳುವುದಿದ್ದರೂ ಸರಿ. ಮೊದಲ ಕರೆಯ ಕೊನೆಗೆ ಎರಡು ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳಿ: ಈ ಎರಡು ವಾರ ನಾನು ಮಾಡಬೇಕಾದ ಒಂದೇ ಒಂದು ಕೆಲಸ ಯಾವುದು, ಏನಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮರುಕರೆಯ ದಿನವನ್ನು ಅದೇ ಪುಟದಲ್ಲಿ ಗುರುತು ಹಾಕಿ, ಪುಸ್ತಕದ ಹಿಂದಿನ ರಟ್ಟಿನ ಮೇಲೆ 14416 ಎಂದು ದೊಡ್ಡದಾಗಿ ಬರೆದಿಡಿ. ಮನೆಯಲ್ಲಿ ಇನ್ಯಾರಿಗೋ ಬೇಕಾದಾಗ ಕಣ್ಣಿಗೆ ಬೀಳುತ್ತದೆ.